ಥಾಯ್ ಊಟದಲ್ಲಿ ಮೀನಿನ ವಾಸನೆ
ಗಾಜನೂರು ದಾಟಿ ಒಳಗಿರುವ ಥಾಯ್ ಹೋಟೆಲಲ್ಲಿ ವೆಜ್ ಗ್ರೀನ್ ಕರಿಗೂ ಮೀನಿನ ವಾಸನೆ ಇತ್ತು ಅಂದಿರಲ್ಲ, ಅದು ಬಹುಶಃ ನಾಮ್ ಪ್ಲಾ, ಅಂದರೆ ಮೀನಿನ ಸಾಸ್. ಇಲ್ಲವೇ ಕರಿ ಪೇಸ್ಟಿಗೆ ಅರೆದ ಸೀಗಡಿ. ತುಂಡು ಕಾಣದಿದ್ದರೆ ವೆಜ್ ಅಂದುಕೊಳ್ಳುವವರೂ ಇದ್ದಾರೆ, ನಮಗೂ ಹಾಗೇ ಆಗಿತ್ತು.

ಮುಂದಿನ ಸಲ ಹಿಂದಿನ ದಿನವೇ ಫೋನ್ ಮಾಡಿ. ಸುಮ್ನೆ "ವೆಜ್ ಇದೆಯಾ" ಅಂದರೆ ಇದೆ ಅಂತಲೇ ಹೇಳುತ್ತಾರೆ. ಪೇಸ್ಟ್ ಅಲ್ಲೇ ಅರೆಯುತ್ತಾರಾ, ಡಬ್ಬಿಯದಾ ಕೇಳಿ. ಡಬ್ಬಿಯದಾದರೆ ಲೇಬಲ್ಲಿನ ಫೋಟೊ ತರಿಸಿಕೊಂಡು ಸೀಗಡಿ ಇದೆಯಾ ನೋಡಿ. ಅರೆಯುವುದಾದರೆ ಸೀಗಡಿ ಬಿಡಲು ಹೇಳಿ. ಮೀನಿನ ಸಾಸ್ ಬದಲು ಸೋಯಾ ಸಾಸ್ ಸಾಕು, ಉಪ್ಪಿಗೇನೂ ಕೊರತೆಯಾಗದು. ಪಪ್ಪಾಯಿಕಾಯಿಯ ಸಲಾಡ್ ಆದ ಸೋಮ್ ತಮ್‌ಗೂ ಒಣ ಸೀಗಡಿ ಬೀಳುತ್ತದೆ, ಅದನ್ನೂ ಆಗಲೇ ಹೇಳಿಬಿಡಿ.