ಒಂದೂವರೆ ಪಟ್ಟು ವೇಗದಲ್ಲಿ ನೋಡಿದ ಚಿತ್ರವನ್ನು ನೀವಿನ್ನೂ ನೋಡಿಲ್ಲ

ಎಲ್ಲರೂ ಹೊಗಳುವ ಕನ್ನಡ ಚಿತ್ರಗಳು ಮನೆಯಲ್ಲಿ ನೋಡುವಾಗ ಎಳೆದಂತೆ ಅನ್ನಿಸುತ್ತವೆ, ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಮುಗಿಸುತ್ತಿದ್ದೇನೆ, ಮನೆಗೆ ಹೊಂದುವ ಚುರುಕಾದ ಚಿತ್ರಗಳಿದ್ದರೆ ಹೇಳಿ ಎಂದು ಕೇಳಿದ್ದೀರಿ. 2023ರಲ್ಲಿ ನಾನೂ ಹೀಗೆಯೇ ನೋಡುತ್ತಿದ್ದೆ. ಆ ಅಭ್ಯಾಸದಿಂದ ಕಳೆದುಕೊಂಡದ್ದು ಇವತ್ತಿಗೂ ನನಗೆ ಸಿಕ್ಕಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹೇಮಂತ್ ಎಂ. ರಾವ್ ನಿರ್ದೇಶನದ 'ಸಪ್ತ ಸಾಗರದಾಚೆ ಎಲ್ಲೋ' ಚಿತ್ರದ ಮೊದಲ ಭಾಗ, ಅಂದರೆ ಸೈಡ್ ಎ, ಆ ವರ್ಷದ ಸೆಪ್ಟೆಂಬರ್ ಒಂದರಂದು ತೆರೆಕಂಡು ಕೆಲವೇ ವಾರಗಳಲ್ಲಿ ಓಟಿಟಿಗೂ ಬಂತು. ಮೈಸೂರಿನಲ್ಲಿರುವ ನನ್ನ ಅಕ್ಕ ಅದನ್ನು ಥಿಯೇಟರಿನಲ್ಲೇ ನೋಡಿ, ನೀನೂ ನೋಡು, ಎರಡನೆಯ ಭಾಗ ಬಂದಾಗ ಇಬ್ಬರೂ ಒಟ್ಟಿಗೆ ಹೋಗೋಣ ಎಂದು ಹೇಳಿದ್ದಳು. ನಾನು ರಾತ್ರಿ ಊಟ ಮುಗಿಸಿ, ಕೈಯಲ್ಲಿ ಮೊಬೈಲ್ ಹಿಡಿದುಕೊಂಡೇ, ಒಂದೂವರೆ ಪಟ್ಟು ವೇಗದಲ್ಲಿ ಅದನ್ನು ಮುಗಿಸಿದೆ. ಕಾರು ಓಡಿಸುವ ಹುಡುಗ ಮನು, ಹಣದ ಆಸೆಗೆ ಧಣಿಯ ಮಗನ ಅಪಘಾತದ ತಪ್ಪನ್ನು ತನ್ನ ಮೈಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ, ಪ್ರಿಯಾ ಹೊರಗೆ ಕಾಯುತ್ತಾಳೆ, ಇಷ್ಟು ಹೇಳುವುದಕ್ಕೆ ಅಷ್ಟು ಹೊತ್ತು ಯಾಕೆ ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅವಳು, "ನೀನು ಕಥೆ ತಿಳ್ಕೊಂಡಿದ್ದೀಯ ಕಣೋ, ಪಿಕ್ಚರ್ ನೋಡಿಲ್ಲ" ಎಂದಳು. ನವೆಂಬರ್ 17ರಂದು ಸೈಡ್ ಬಿ ಬಿಡುಗಡೆಯಾದಾಗ ನಾನು ಹೋಗಲಿಲ್ಲ; ಅವಳು ಒಬ್ಬಳೇ ನೋಡಿ ಬಂದಳು.

ಇಲ್ಲಿ ನನ್ನ ತಪ್ಪು ಏನೆಂಬುದನ್ನು ನಿಖರವಾಗಿ ಹೇಳಬೇಕು, ಏಕೆಂದರೆ ನೀವು ಅದನ್ನೇ ಮಾಡುತ್ತಿದ್ದೀರಿ. ವೇಗ ಹೆಚ್ಚಿಸಿದಾಗ ಮಾತು ಕೆಡುವುದಿಲ್ಲ. ಧ್ವನಿಯ ಸ್ಥಾಯಿ ಬದಲಾಗದಂತೆ ತಂತ್ರಾಂಶವೇ ನೋಡಿಕೊಳ್ಳುವುದರಿಂದ ಪ್ರತಿಯೊಂದು ಸಂಭಾಷಣೆಯೂ ಸ್ಪಷ್ಟವಾಗಿ ಕೇಳುತ್ತದೆ, ಕಥೆಯ ಒಂದು ಎಳೆಯೂ ತಪ್ಪುವುದಿಲ್ಲ, ಹಾಗಾಗಿ ಇಡೀ ಚಿತ್ರವನ್ನು ನೋಡಿದೆವೆಂಬ ನಂಬಿಕೆ ಗಟ್ಟಿಯಾಗಿ ಬೇರೂರುತ್ತದೆ. ಕೆಡುವುದು ಮಾತಿಲ್ಲದ ಭಾಗ. ಒಂಬತ್ತು ಸೆಕೆಂಡುಗಳ ಮೌನ ಆರು ಸೆಕೆಂಡಿಗೆ ಇಳಿಯುತ್ತದೆ, ಆ ಆರು ಸೆಕೆಂಡಿನಲ್ಲಿ ಯಾರೂ ಮಾತನಾಡುತ್ತಿಲ್ಲವಲ್ಲ ಎಂದು ಕಣ್ಣು ಮೊಬೈಲಿನ ಕಡೆ ಹೋಗುತ್ತದೆ. ಸೈಡ್ ಎ ಚಿತ್ರದಲ್ಲಿ ಜೈಲಿನ ಭೇಟಿಯ ದೃಶ್ಯಗಳು ಮತ್ತೆ ಮತ್ತೆ ಬರುತ್ತವೆ, ಅಲ್ಲಿ ಇಬ್ಬರೂ ಆಡುವ ಮಾತು ಸಾಮಾನ್ಯವಾದದ್ದು. ಮಾತು ನಿಂತ ಮೇಲೆ ಪ್ರಿಯಾ ಪಾತ್ರದ ರುಕ್ಮಿಣಿ ವಸಂತ್ ಮುಖದಲ್ಲಿ ಉಳಿಯುವ ನಗು ಮತ್ತು ಅದು ಇಳಿದುಹೋಗುವ ಬಗೆಯೇ ಆ ಚಿತ್ರದ ಜೀವ. ನಾನು ಕೇಳಿಸಿಕೊಂಡದ್ದು ಮಾತನ್ನು ಮಾತ್ರ. ಯಕ್ಷಗಾನದಲ್ಲಿ ಭಾಗವತರ ಹಾಡನ್ನು ಬಿಟ್ಟು ಪಾತ್ರಧಾರಿಗಳ ಮಾತನ್ನಷ್ಟೇ ಕೇಳಿ ಎದ್ದು ಬಂದಂತಾಯಿತು. ಚರಣ್ ರಾಜ್ ಅವರ ಹಿನ್ನೆಲೆ ಸಂಗೀತವೂ ಹಾಗೆಯೇ: ಅವರು ಒಂದು ಲಯಕ್ಕೆ ಕೂಡಿಸಿದ್ದನ್ನು ನಾನು ಇನ್ನೊಂದು ಲಯದಲ್ಲಿ ಕೇಳಿ, ಸಂಗೀತ ಅಂಥದ್ದೇನಿಲ್ಲ ಎಂದು ತೀರ್ಮಾನಿಸಿದ್ದೆ.

ಮರುವರ್ಷ ಎರಡೂ ಭಾಗಗಳನ್ನು ಮನೆಯಲ್ಲೇ, ಸರಿಯಾದ ವೇಗದಲ್ಲಿ, ದೀಪ ಆರಿಸಿ ನೋಡಿದೆ. ಮೊದಲ ಭಾಗದ ತುಂಬ ಇದ್ದ ನೀಲಿ ಎರಡನೆಯ ಭಾಗದಲ್ಲಿ ಕೆಂಪಾಗುವುದನ್ನು ಆಗ ಗಮನಿಸಿದೆ. ಅದ್ವೈತ ಗುರುಮೂರ್ತಿ ಅವರ ಛಾಯಾಗ್ರಹಣವನ್ನು ದೊಡ್ಡ ತೆರೆಯ ಮೇಲೆ ಅಕ್ಕನ ಪಕ್ಕದಲ್ಲಿ ಕುಳಿತು ನೋಡುವ ಅವಕಾಶ ಮಾತ್ರ ಹೋಗಿಯಾಗಿತ್ತು. ಚಿತ್ರಮಂದಿರದ ಮೊದಲ ವಾರ ಮತ್ತೆ ಬರುವುದಿಲ್ಲ.

ಹಾಗೆಂದು ಮನೆಯನ್ನು ದೂರುವವರ ಜೊತೆ ನಾನಿಲ್ಲ. 2020ರ ಫೆಬ್ರವರಿಯಲ್ಲಿ ಬಿಡುಗಡೆಯಾದ 'ದಿಯಾ' ಚಿತ್ರಕ್ಕೆ ಥಿಯೇಟರುಗಳಲ್ಲಿ ಸಿಗದ ಪ್ರೇಕ್ಷಕರು ಲಾಕ್‌ಡೌನ್ ಕಾಲದಲ್ಲಿ ಮನೆಮನೆಗಳಲ್ಲಿ ಸಿಕ್ಕರು. ಆದ್ದರಿಂದ ನಿಮ್ಮ ಪ್ರಶ್ನೆಯ ಆಧಾರವನ್ನೇ ನಾನು ಒಪ್ಪುವುದಿಲ್ಲ. ಮನೆಗೆ ಹೊಂದುವ ವೇಗದ ಚಿತ್ರ ಎಂಬುದೊಂದು ಇಲ್ಲ. ಚುರುಕಾದ ಚಿತ್ರ ಬೇಕೆಂದು ನೀವು 2025ರಲ್ಲಿ ಬಂದ ಜೆ.ಪಿ. ತುಮಿನಾಡು ಅವರ 'ಸು ಫ್ರಮ್ ಸೋ' ನೋಡಿದರೂ ಇದೇ ಕಷ್ಟ ಎದುರಾಗುತ್ತದೆ. ಹುಡುಗನೊಬ್ಬನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆಂದು ಇಡೀ ಊರು ನಂಬುವ ಆ ಕಥೆಯಲ್ಲಿ ನಗು ಹುಟ್ಟುವುದು ಒಬ್ಬರು ಮಾತನಾಡಿ ಉಳಿದವರು ಒಂದು ಗಳಿಗೆ ಸುಮ್ಮನಾಗುವ ಜಾಗದಲ್ಲಿ. ವೇಗ ಹೆಚ್ಚಿಸಿದರೆ ಮೊದಲು ಸಾಯುವುದು ಹಾಸ್ಯವೇ. ರಾಜ್ ಬಿ. ಶೆಟ್ಟಿ ಅವರ 'ಗರುಡ ಗಮನ ವೃಷಭ ವಾಹನ' ಮಂಗಳೂರಿನ ಭೂಗತಲೋಕದ ಚಿತ್ರವಾದರೂ ನನ್ನ ದೃಷ್ಟಿಯಲ್ಲಿ ನಿಧಾನದ ಚಿತ್ರ. ಕೊಲೆಯ ಬಳಿಕ ಅದರ ಶಿವ ಎಂಬ ರೌಡಿ ಹುಲಿವೇಷದ ಹೆಜ್ಜೆ ಹಾಕುವಾಗ ಆ ತಾಸೆ ವಾದ್ಯದ ಪೆಟ್ಟನ್ನು ಅದರದೇ ಲಯದಲ್ಲಿ ಕೇಳದಿದ್ದರೆ ಅವನ ಮೈಯಲ್ಲಿ ಏನಾಗುತ್ತಿದೆ ಎಂಬುದೇ ತಿಳಿಯುವುದಿಲ್ಲ.

ನನ್ನ ಸಲಹೆ ಕೇಳುವುದಾದರೆ 'ತಿಥಿ'ಯಿಂದ ಆರಂಭಿಸಿ. ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರ ಜೊತೆ ಸೇರಿ ಬರೆದ, 2016ರಲ್ಲಿ ತೆರೆಕಂಡ ಈ ಚಿತ್ರ ಮಂಡ್ಯ ಸೀಮೆಯ ಹಳ್ಳಿಯಲ್ಲಿ, ಹಳ್ಳಿಯವರನ್ನೇ ಪಾತ್ರಧಾರಿಗಳಾಗಿಸಿಕೊಂಡು ತಯಾರಾದದ್ದು. ನೂರೊಂದು ವರ್ಷದ ಸೆಂಚುರಿ ಗೌಡರು ತೀರಿಕೊಂಡು ಹನ್ನೊಂದನೆಯ ದಿನದ ತಿಥಿಗೆ ಊರೆಲ್ಲ ಸಿದ್ಧವಾಗುತ್ತಿರುವಾಗ ಅವರ ಹಿರಿಯ ಮಗ ಗಡ್ಡಪ್ಪ ಯಾವುದಕ್ಕೂ ಸೇರದೆ ಹೊಲ ಬಯಲುಗಳಲ್ಲಿ ನಡೆಯುತ್ತಲೇ ಇರುತ್ತಾನೆ. ಅವನು ನಡೆಯುವುದನ್ನು ವೇಗವಾಗಿ ಓಡಿಸಿದರೆ ಅವನು ಅವಸರದ ಮನುಷ್ಯನಂತೆ ಕಾಣುತ್ತಾನೆ, ಚಿತ್ರ ಹೇಳುವುದಕ್ಕೆ ಅದು ನೇರ ವಿರುದ್ಧ. ಕುರಿಗಾಹಿಗಳ ಬಿಡಾರದಲ್ಲಿ ಕುಳಿತು ಅವನು ತನ್ನ ಹಳೆಯ ಬದುಕನ್ನು ಹೇಳಿಕೊಳ್ಳುವ ದೃಶ್ಯ ಬರುವ ಹೊತ್ತಿಗೆ, ಅಷ್ಟು ಹೊತ್ತು ಅವನ ಜೊತೆ ನಿಧಾನವಾಗಿ ನಡೆದವರಿಗಷ್ಟೇ ಆ ಮಾತಿನ ಭಾರ ತಟ್ಟುತ್ತದೆ.

ಮೊಬೈಲನ್ನು ಬೇರೆ ಕೋಣೆಯಲ್ಲಿಡಿ, ಸಾಧ್ಯವಾದರೆ ಇಯರ್‌ಫೋನ್ ಹಾಕಿಕೊಳ್ಳಿ. ಮೊದಲ ಅರ್ಧ ಗಂಟೆ ಕಷ್ಟವಾಗುತ್ತದೆ, ಕೈ ತಾನಾಗಿ ರಿಮೋಟ್ ಹುಡುಕುತ್ತದೆ. ಅಷ್ಟಾದರೂ ಚಿತ್ರ ಹಿಡಿಸದಿದ್ದರೆ ಧಾರಾಳವಾಗಿ ನಿಲ್ಲಿಸಿ, ಆದರೆ ಓಡಿಸಿ ಮುಗಿಸಬೇಡಿ. ಅರ್ಧಕ್ಕೆ ಬಿಟ್ಟ ಚಿತ್ರಕ್ಕೆ ಮುಂದೆಂದಾದರೂ ಮರಳಬಹುದು, ಮುಗಿಸಿದೆನೆಂದುಕೊಂಡ ಚಿತ್ರದ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. 'ಸಪ್ತ ಸಾಗರದಾಚೆ ಎಲ್ಲೋ' ನೋಡುವುದಾದರೆ ಎರಡು ಭಾಗಗಳನ್ನೂ ಒಂದೇ ರಾತ್ರಿಗೆ ಇಟ್ಟುಕೊಳ್ಳಬೇಡಿ. ಎರಡನೆಯ ಭಾಗ ಹತ್ತು ವರ್ಷಗಳ ಅಂತರದ ಬಳಿಕ ತೊಡಗುತ್ತದೆ, ಆ ಅಂತರ ನಿಮ್ಮ ಅರಿವಿಗೂ ಬರಲು ಕೆಲವು ದಿನಗಳಾದರೂ ಬೇಕು.