ಗ್ಲೂಕೋಸ್ ಪಟ್ಟಿಯಲ್ಲಿ ಬಣ್ಣ ಅಂಚಿಗೇ ಸೇರುತ್ತಿದ್ದರೆ

ಗ್ಲೂಕೋಸ್ ಇದ್ದರೆ ಬಣ್ಣ ತೋರಿಸುವಂತೆ ನೀವು ಮಾಡಿದ ಕಾಗದದ ಪಟ್ಟಿಯಲ್ಲಿ, ಕಂದು ಬಣ್ಣ ಪರೀಕ್ಷಾ ವೃತ್ತದ ಅಂಚಿನಲ್ಲಿ ಉಂಗುರವಾಗಿ, ನಡುವೆ ಪೇಲವವಾಗಿ ಕಾಣುತ್ತಿದೆ ಅಂದಿದ್ದೀರಿ. ಗ್ಲೂಕೋಸ್ ಜೊತೆ ವರ್ತಿಸಿ ಬಣ್ಣ ಬರಿಸುವ ಕಿಣ್ವ ಕೆಟ್ಟಿರುವುದಕ್ಕಿಂತ ಇದು ಹರಿವಿನ ಸಮಸ್ಯೆ ಇರುವ ಸಾಧ್ಯತೆಯೇ ಹೆಚ್ಚು. ಪೊಟ್ಯಾಸಿಯಂ ಅಯೊಡೈಡ್‌ನಿಂದ ಹುಟ್ಟಿ ಈ ಕಂದು ಬಣ್ಣ ಕೊಡುವ ಅಯೊಡಿನ್ ಕಾಗದದ ನಾರಿಗೆ ಗಟ್ಟಿಯಾಗಿ ಕಚ್ಚಿಕೊಳ್ಳದೆ, ದ್ರವದ ಜೊತೆ ಅಂಚಿಗೆ ಸಾಗಿಬಿಡುತ್ತದೆ.

ಮೊದಲು ಖಾಲಿ ವೃತ್ತಕ್ಕೆ ನೀರಲ್ಲಿ ಕರಗುವ ಯಾವುದಾದರೂ ಬಣ್ಣವನ್ನು ಅದೇ ಅಳತೆಯಲ್ಲಿ ಹಾಕಿ ನೋಡಿ. ಅದೂ ಉಂಗುರವಾದರೆ ಕಿಣ್ವವನ್ನು ದೂರಬೇಡಿ.

ಅಳತೆಯನ್ನೂ ಪರಿಶೀಲಿಸಿ. ವಾಟ್‌ಮನ್ 1 ಶೋಧಕ ಕಾಗದದ 5 ಮಿ.ಮೀ. ವೃತ್ತಕ್ಕೆ ಸುಮಾರು 3 ಮೈಕ್ರೋಲೀಟರ್ ಸಾಕು; ಹೆಚ್ಚಾದದ್ದು ಮೇಲೆ ನಿಂತು ಅಂಚಿನಿಂದ ಆರುತ್ತದೆ. ಪಟ್ಟಿ ಮೇಜಿಗೆ ತಾಗದಂತೆ ಮಟ್ಟವಾಗಿ ತೂಗುಹಾಕಿ, ಮೇಲೊಂದು ಮುಚ್ಚಳವಿರಲಿ.

ಆಮೇಲೆ ಕೈಟೋಸಾನ್ (ಸಿಗಡಿ, ಏಡಿ ಚಿಪ್ಪಿನಿಂದ ತೆಗೆಯುವ ಪದಾರ್ಥ); ಬಣ್ಣ ನಾರಿಗೆ ಕಚ್ಚಿಕೊಳ್ಳಲು ಇದು ನೆರವಾಗುತ್ತದೆ. ದುರ್ಬಲ ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಮಿ.ಲೀ.ಗೆ 0.25 ಮಿ.ಗ್ರಾಂನಿಂದ ಶುರುಮಾಡಿ, ವೃತ್ತಕ್ಕೆ ಹಾಕಿ. ಅದು ಪೂರ್ತಿ ಒಣಗಿದ ಮೇಲೆಯೇ ಪಿಎಚ್ 6ರ ಫಾಸ್ಫೇಟ್ ಬಫರ್‌ನಲ್ಲಿರುವ ಕಿಣ್ವ ಮಿಶ್ರಣ ಹಾಕಿ. ಒದ್ದೆಯಿರುವಾಗ ಹಾಕಿದರೆ ಆಮ್ಲ ಕಿಣ್ವಕ್ಕೆ ಪೆಟ್ಟು ಕೊಡುತ್ತದೆ. ಇಲ್ಲಿ ಆತುರಪಟ್ಟೇ ಹೆಚ್ಚಿನವರು ಕೆಡಿಸಿಕೊಳ್ಳುವುದು.

ಇಷ್ಟಾದರೂ ಉಂಗುರ ಉಳಿದರೆ ಅಯೊಡೈಡ್ ಬಿಟ್ಟು ಟಿಎಂಬಿ (ಟೆಟ್ರಾಮೀಥೈಲ್‌ಬೆಂಜಿಡಿನ್) ಎಂಬ ಬಣ್ಣಕಾರಕ ಬಳಸಿ, ನೀಲಿ ಬಣ್ಣ ಬರುತ್ತದೆ. ಪ್ರತಿ ಸಲವೂ ಮಾದರಿ ಹಾಕಿದ ಮೇಲೆ ಅಷ್ಟೇ ಹೊತ್ತು ಬಿಟ್ಟು, ಕಾಗದ ಇನ್ನೂ ಒದ್ದೆಯಿರುವಾಗಲೇ ಫೋಟೋ ತೆಗೆಯಿರಿ.