ಹೂಳೆತ್ತದ ಕೆರೆಗೆ ಹಿಂಗಾರು ಮಳೆ

ಓದುಗರ ಪತ್ರ (ಸಂಕ್ಷೇಪ): ಸಂಪಾದಕರಿಗೆ ಕರ್ತನ ನಾಮದಲ್ಲಿ ವಂದನೆಗಳು. ಕಳೆದ ಬೇಸಿಗೆಯಲ್ಲಿ ವೇಲ್ಸ್ ದೇಶದ ಸ್ವಾನ್ಸಿಯಲ್ಲಿರುವ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದು ಬಂದೆವು. 1904ರ ಮಹಾ ಉಜ್ಜೀವನ (ಜನ ಗುಂಪುಗುಂಪಾಗಿ ದೇವರ ಕಡೆಗೆ ತಿರುಗಿದ ಜಾಗೃತಿ) ನಡೆದ ನಾಡು ಅದೆಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದವನು ನಾನು. ಕಣ್ಣಾರೆ ಕಂಡದ್ದು ಮಾತ್ರ ಬೀಗ ಬಿದ್ದ ದೇವಾಲಯಗಳನ್ನು. ಒಂದರಲ್ಲಿ ಜಮಖಾನೆ ಅಂಗಡಿ, ಇನ್ನೊಂದರಲ್ಲಿ ಬಾಡಿಗೆ ಮನೆಗಳು. ಮಗಳು ಹೋಗುವ ಸಭೆಯಲ್ಲಿ ನಮ್ಮನ್ನೂ ಸೇರಿಸಿ ಹದಿನಾಲ್ಕು ಜನ. ಆ ಉಜ್ಜೀವನದ ಮುಂದಾಳು ಎವನ್ ರಾಬರ್ಟ್ಸ್; ಆ ಜನಾಂಗಕ್ಕೆ ಇನ್ನೊಬ್ಬ ಎವನ್ ರಾಬರ್ಟ್ಸ್ ಬೇಕು. 2 ಪೂರ್ವಕಾಲವೃತ್ತಾಂತ 7:14ನ್ನು ಹಿಡಿದು ಪ್ರಾರ್ಥಿಸಿದರೆ ಉಜ್ಜೀವನದ ಹಿಂಗಾರು ಮಳೆ ಬಂದೇ ಬರುತ್ತದೆ. ಪತ್ರಿಕೆಯು ಉಜ್ಜೀವನದ ವಿಶೇಷ ಸಂಚಿಕೆಯನ್ನು ಏಕೆ ತರಬಾರದು? ಅಷ್ಟು ದೊಡ್ಡ ಬೆಂಕಿ ಹೇಗೆ ಆರಿತೆಂಬುದನ್ನೂ ದಯವಿಟ್ಟು ತಿಳಿಸಿ.
— ಶಿವಮೊಗ್ಗದ ಓದುಗರೊಬ್ಬರು

ಸಂಪಾದಕರ ಉತ್ತರ:

ಪ್ರಿಯ ಸಹೋದರರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜಮಖಾನೆ ಅಂಗಡಿಯಾದ ದೇವಾಲಯದ ಮುಂದೆ ನಿಂತು ನೀವು ಪಟ್ಟ ಸಂಕಟದಲ್ಲಿ ನನಗೂ ಪಾಲಿದೆ. 2021ರ ಜನಗಣತಿಯಲ್ಲಿ ವೇಲ್ಸ್‌ನ ಶೇ. 46.5ರಷ್ಟು ಜನ ತಮಗೆ ಯಾವ ಧರ್ಮವೂ ಇಲ್ಲವೆಂದು ಬರೆಸಿದ್ದಾರೆ. ಕ್ರೈಸ್ತರೆಂದು ಬರೆಸಿದವರು ಶೇ. 43.6. ಅದಕ್ಕೆ ಹತ್ತು ವರ್ಷ ಹಿಂದೆ, 2011ರಲ್ಲಿ, ಕ್ರೈಸ್ತರೆಂದುಕೊಂಡವರು ಶೇ. 57.6ರಷ್ಟಿದ್ದರು. ಆದುದರಿಂದ ಆ ನಾಡು ದೇವರ ಕಡೆಗೆ ತಿರುಗಬೇಕು ಎಂಬ ನಿಮ್ಮ ಮಾತಿಗೆ ನನ್ನ ತಕರಾರಿಲ್ಲ. ತಕರಾರಿರುವುದು ‘ಇನ್ನೊಬ್ಬ ಎವನ್ ರಾಬರ್ಟ್ಸ್ ಬೇಕು’ ಎಂಬ ಮಾತಿಗೆ. ಅದಕ್ಕೆ ಕಾರಣ ಹೇಳಲು ಸ್ವಲ್ಪ ದೂರ ಹೋಗಬೇಕಾಗುತ್ತದೆ.

ಮೊದಲು ನೀವು ಹಿಡಿದ ವಾಕ್ಯವನ್ನು ನೋಡೋಣ: ನನ್ನ ಜನರು ತಮ್ಮನ್ನು ತಗ್ಗಿಸಿಕೊಂಡು ಪ್ರಾರ್ಥಿಸಿ, ಕೆಟ್ಟ ನಡತೆಯನ್ನು ಬಿಟ್ಟು ತಿರುಗಿಕೊಂಡರೆ ನಾನು ಅವರ ಪಾಪವನ್ನು ಕ್ಷಮಿಸಿ ಅವರ ದೇಶವನ್ನು ಗುಣಪಡಿಸುವೆನು ಎಂಬುದು ಅದರ ಸಾರ. ಸೊಲೊಮೋನನು ದೇವಾಲಯದ ಪ್ರತಿಷ್ಠೆ ಮುಗಿಸಿದ ಮೇಲೆ, ಒಡಂಬಡಿಕೆಯ ಜನರಾದ ಇಸ್ರಾಯೇಲ್ಯರ ಕುರಿತು ದೇವರು ಆಡಿದ ಮಾತು ಅದು. ಈಗಿನ ಯಾವ ದೇಶವೂ, ಅದು ವೇಲ್ಸ್ ಆಗಲಿ ಅಮೆರಿಕವಾಗಲಿ ನಮ್ಮದಾಗಲಿ, ದೇಶವೆಂಬ ನೆಲೆಯಲ್ಲಿ ‘ನನ್ನ ಜನ’ ಎಂಬ ಆ ಹೆಸರನ್ನು ತನ್ನದೆಂದು ಹೇಳಿಕೊಳ್ಳಲಾರದು; ಸಭೆಯು ಮಾತ್ರ ಹೇಳಿಕೊಳ್ಳಬಹುದು, ಅದೂ ತಗ್ಗಿಸಿಕೊಂಡು. ಅಷ್ಟೇ ಅಲ್ಲ, ಆ ವಾಕ್ಯದಲ್ಲಿ ಪ್ರಾರ್ಥನೆಯ ಜೊತೆಗೆ ಕೆಟ್ಟ ನಡತೆಯನ್ನು ಬಿಟ್ಟು ತಿರುಗಿಕೊಳ್ಳುವ ಷರತ್ತೂ ಇದೆ. ಯಾವುದು ಕೆಟ್ಟ ನಡತೆ ಎಂದು ಜನರಿಗೆ ತಿಳಿಯುವುದು ಹೇಗೆ? ಇದಕ್ಕೆ ಅರಸನಾದ ಯೋಷೀಯನ ಕಾಲದಲ್ಲಿ ಉತ್ತರ ಸಿಕ್ಕಿತು. ದೇವಾಲಯದ ದುರಸ್ತಿ ನಡೆಯುತ್ತಿದ್ದಾಗ ಮಹಾಯಾಜಕ ಹಿಲ್ಕೀಯನಿಗೆ ಧರ್ಮಶಾಸ್ತ್ರದ ಗ್ರಂಥ ಕಣ್ಣಿಗೆ ಬಿತ್ತು. ಯಾಜಕರಿದ್ದರು, ಕಟ್ಟಡವಿತ್ತು, ದುರಸ್ತಿಗೆ ಹಣವೂ ಕೂಡಿಬಂದಿತ್ತು. ಗ್ರಂಥವೊಂದೇ ಕಳೆದುಹೋಗಿತ್ತು, ಅದೂ ದೇವಾಲಯದೊಳಗೇ. ಲೇಖಕನಾದ ಶಾಫಾನನು ಅದನ್ನು ಓದಿ ಹೇಳಿದಾಗ ಅರಸನು ಬಟ್ಟೆಗಳನ್ನು ಹರಿದುಕೊಂಡನು. ಆದರೆ ಅದೇ ಯೋಷೀಯನ ಮಗ ಯೆಹೋಯಾಕೀಮನು ಪ್ರವಾದಿಯಾದ ಯೆರೆಮೀಯನ ಸುರುಳಿಯನ್ನು ಓದಿಸುತ್ತಾ, ಓದಿದಷ್ಟನ್ನೂ ಚೂರಿಯಿಂದ ಕೊಯ್ದು ಎದುರಿನ ಬೆಂಕಿಗೆ ಹಾಕಿದನು. ಬೇಡವೆಂದು ಅಂಗಲಾಚಿದವರಲ್ಲಿ ಶಾಫಾನನ ಮಗನೂ ಒಬ್ಬನಾಗಿದ್ದನು. ಅರಸನ ಆಜ್ಞೆಯಿಂದ ನಡೆದ ಸುಧಾರಣೆ ಅರಮನೆಯಲ್ಲಿಯೇ ಒಂದು ತಲೆಮಾರಿಗೆ ಮುಗಿಯಿತು. ಗ್ರಂಥವನ್ನು ಓದುವ ಕಸುಬಿದ್ದ ಮನೆಯಲ್ಲಿ ಮಾತ್ರ ಅದರ ಭಯ ಉಳಿಯಿತು. ಗ್ರಂಥ ಸಿಕ್ಕಾಗ ಯೋಷೀಯನು ಸುಮಾರು 26 ವರ್ಷದವನು. 1904ರಲ್ಲಿ ಎವನ್ ರಾಬರ್ಟ್ಸ್ ಅವರ ವಯಸ್ಸೂ ಅಷ್ಟೇ ಎಂಬುದು ಕಾಕತಾಳೀಯವಾದರೂ ನೆನಪಿಡುವಂತಿದೆ.

ಬೆಂಕಿ ಹೇಗೆ ಆರಿತು ಎಂದು ಕೇಳಿದ್ದೀರಿ. ಅದು ಯಾವ ಸೌದೆಯಿಂದ ಉರಿಯಿತು ಎಂಬುದನ್ನು ಮೊದಲು ಕೇಳಬೇಕು.

ವೇಲ್ಸ್ ಜನರಿಗೆ ಅವರದೇ ಭಾಷೆಯ ಪೂರ್ಣ ಬೈಬಲ್ 1588ರಲ್ಲಿ ವಿಲಿಯಂ ಮಾರ್ಗನ್ ಎಂಬ ಪಾದ್ರಿಯಿಂದ ದೊರಕಿತು. ಅದು ಚರ್ಚಿನಲ್ಲಿಟ್ಟು ಓದುವ ಭಾರಿ ಗ್ರಂಥ. ಮನೆಗೆ ಒಯ್ಯಬಲ್ಲಂಥ ಚಿಕ್ಕ ಬೈಬಲ್ ಬಂದದ್ದು 1630ರಲ್ಲಿ, ಐದು ಶಿಲಿಂಗ್ ಬೆಲೆಗೆ. ಆದರೆ ಪುಸ್ತಕವಿದ್ದು ಮಾಡುವುದೇನು, ರೈತನಿಗೂ ಕುರಿಗಾಹಿಗೂ ಓದು ಬರುತ್ತಿರಲಿಲ್ಲ. ಅಲ್ಲಿಂದ ನೂರು ವರ್ಷ ಕಳೆದ ಮೇಲೆ ಲಾನ್‌ಡೌರರ್ ಎಂಬ ಹಳ್ಳಿಯ ಪಾದ್ರಿ ಗ್ರಿಫಿತ್ ಜೋನ್ಸ್ ಇದಕ್ಕೊಂದು ದಾರಿ ಕಂಡುಕೊಂಡರು. 1730ರ ದಶಕದಲ್ಲಿ ಅವರು ತೊಡಗಿಸಿದ ಸಂಚಾರಿ ಶಾಲೆಗಳ ಕ್ರಮವೇ ಸೊಗಸಾಗಿದೆ: ಹೊಲದ ಕೆಲಸ ಕಡಿಮೆಯಿರುವ ಚಳಿಗಾಲದಲ್ಲಿ ಉಪಾಧ್ಯಾಯನೊಬ್ಬ ಊರಿಗೆ ಬಂದು ಚರ್ಚಿನಲ್ಲೋ ಯಾರದೋ ಕೊಟ್ಟಿಗೆಯಲ್ಲೋ ಸುಮಾರು ಮೂರು ತಿಂಗಳು ಇರುವುದು, ಹಗಲು ಮಕ್ಕಳಿಗೆ, ರಾತ್ರಿ ದುಡಿದು ಬಂದ ದೊಡ್ಡವರಿಗೆ ಓದು ಕಲಿಸುವುದು, ಕಲಿತಾದ ಮೇಲೆ ಮುಂದಿನ ಊರಿಗೆ ಹೊರಡುವುದು. ಬರಹವಿಲ್ಲ, ಲೆಕ್ಕವಿಲ್ಲ, ವೆಲ್ಷ್ ಭಾಷೆಯ ಬೈಬಲ್ ಮತ್ತು ಪ್ರಶ್ನೋತ್ತರ ಪುಸ್ತಕ ಮಾತ್ರ. ಇಂಗ್ಲಿಷ್‌ನಲ್ಲಿ ಕಲಿಸಿ ಎಂದು ಒತ್ತಾಯಿಸಿದವರಿಗೆ ಅವರು, ತಾಯಿನುಡಿಯಲ್ಲಿ ತಿಂಗಳುಗಳಲ್ಲಿ ಆಗುವ ಕೆಲಸ ಅರಿಯದ ನುಡಿಯಲ್ಲಿ ವರ್ಷಗಳಾದರೂ ಆಗದು ಎಂದು ಉತ್ತರಿಸುತ್ತಿದ್ದರು. 1761ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಸುಮಾರು 3,500 ಶಾಲೆಗಳು ನಡೆದಿದ್ದವು, ದಾಖಲೆಯಲ್ಲಿರುವ ವಿದ್ಯಾರ್ಥಿಗಳೇ ಒಂದೂವರೆ ಲಕ್ಷ ಮೀರಿದ್ದರು. ಆಗ ಇಡೀ ನಾಡಿನ ಜನಸಂಖ್ಯೆ ಐದು ಲಕ್ಷದ ಆಸುಪಾಸಿನಲ್ಲಿತ್ತೆಂಬುದನ್ನು ನೆನೆದರೆ ಈ ಕೆಲಸದ ಅಳತೆ ತಿಳಿಯುತ್ತದೆ. ಅವರ ನಂತರ ಮೇಡಂ ಬೆವನ್ ಎಂಬ ದಾನಿ 1779ರ ತನಕ ಶಾಲೆಗಳನ್ನು ನಡೆಸಿ, ಶಾಲೆಗಳಿಗೆಂದೇ ಹತ್ತು ಸಾವಿರ ಪೌಂಡ್ ಬರೆದಿಟ್ಟು ಹೋದರು. ಮೃತ್ಯುಪತ್ರದ ಮೇಲೆ ವ್ಯಾಜ್ಯ ಹೂಡಲಾಗಿ ಹಣವು ಕಾಲು ಶತಮಾನಕ್ಕೂ ಹೆಚ್ಚು ಕಾಲ ನ್ಯಾಯಾಲಯದಲ್ಲಿ ಸಿಕ್ಕಿಕೊಂಡಿತು, ಶಾಲೆಗಳು ನಿಂತುಹೋದವು. ಸಭೆಯ ಆಸ್ತಿ ಮೊಕದ್ದಮೆಗಳನ್ನು ನೋಡಿದ ನಮ್ಮ ಓದುಗರಿಗೆ ಈ ಭಾಗವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಡೇನಿಯಲ್ ರೋಲಂಡ್ ಮತ್ತು ಹವೆಲ್ ಹ್ಯಾರಿಸ್ ಎಂಬ ಬೋಧಕರ ಮೂಲಕ 1735ರಿಂದ ಹಬ್ಬಿದ ಉಜ್ಜೀವನವು ಹೀಗೆ ಓದಲು ಕಲಿಯುತ್ತಿದ್ದ ಜನರ ನಡುವೆ ಹಬ್ಬಿತು. ರೋಲಂಡ್ ಎಚ್ಚತ್ತದ್ದೇ ಗ್ರಿಫಿತ್ ಜೋನ್ಸ್ ಅವರ ಪ್ರಸಂಗ ಕೇಳಿ. ಮುಂದೆ ಬಾಲಾ ಊರಿನ ಥಾಮಸ್ ಚಾರ್ಲ್ಸ್ ಮತ್ತೆ ಶಾಲೆಗಳನ್ನು ಎಬ್ಬಿಸಿ, ಅಜ್ಜನೂ ಮೊಮ್ಮಗನೂ ಕೂತು ಕಲಿಯುವಂಥ ಸಂಡೇ ಸ್ಕೂಲನ್ನು ಊರೂರಿಗೆ ಒಯ್ದರು. 1800ರಲ್ಲಿ ಹದಿನೈದರ ಬಾಲೆ ಮೇರಿ ಜೋನ್ಸ್ ವರ್ಷಗಟ್ಟಲೆ ಕೂಡಿಟ್ಟ ಕಾಸು ಹಿಡಿದು, ಬರಿಗಾಲಲ್ಲಿ ಸುಮಾರು 40 ಕಿಲೋಮೀಟರ್ ನಡೆದು ಬೈಬಲ್ ಕೊಳ್ಳಲು ಹೋದದ್ದು ಇದೇ ಚಾರ್ಲ್ಸ್ ಅವರ ಬಳಿಗೆ. ಈ ಕಥೆಯನ್ನು ನಾವು ಮಕ್ಕಳಿಗೆ ಹೇಳುವಾಗ ನಡಿಗೆಯನ್ನು ವರ್ಣಿಸುತ್ತೇವೆ. ಆಕೆಗೆ ಓದು ಬರುತ್ತಿದ್ದುದು ಚಾರ್ಲ್ಸ್ ಅವರ ಶಾಲೆಯೊಂದರಿಂದ ಎಂಬುದನ್ನು ಬಿಟ್ಟುಬಿಡುತ್ತೇವೆ. ನಾಲ್ಕು ವರ್ಷಗಳ ನಂತರ ಲಂಡನ್ನಿನಲ್ಲಿ ಹುಟ್ಟಿದ ಬೈಬಲ್ ಸೊಸೈಟಿಗೆ ವೆಲ್ಷ್ ಬೈಬಲ್ಲುಗಳ ಈ ಅಭಾವವೇ ಪ್ರೇರಣೆ.

ಈಗ 1904ಕ್ಕೆ ಬರೋಣ. ಹುಡುಗನಾಗಿದ್ದಾಗಲೇ ಕಲ್ಲಿದ್ದಲು ಗಣಿಗಿಳಿದ ಎವನ್ ರಾಬರ್ಟ್ಸ್, ಗಣಿಯೊಳಕ್ಕೂ ಬೈಬಲ್ ಒಯ್ಯುತ್ತಿದ್ದವರು. ಒಂದು ಸ್ಫೋಟದಲ್ಲಿ ಅದರ ಹಾಳೆಗಳು ಸುಟ್ಟಿದ್ದವು. ಅಕ್ಟೋಬರ್ 31ರಂದು ತಮ್ಮೂರಿನ ಮೊರಾಯ ಚಾಪೆಲ್ಲಿನಲ್ಲಿ ಕೆಲವೇ ಯುವಜನರೊಂದಿಗೆ ಅವರು ಆರಂಭಿಸಿದ ಕೂಟವು ತಿಂಗಳೊಳಗೆ ದಕ್ಷಿಣದ ಗಣಿ ಕಣಿವೆಗಳನ್ನೆಲ್ಲ ವ್ಯಾಪಿಸಿತು. ಸಭೆಗೆ ಸೇರಿದವರು ಒಂದು ಲಕ್ಷವೆಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಹಳೆಯ ಸಾಲಗಳು ತೀರಿದವು, ಹೆಂಡದಂಗಡಿಗಳು ಬಿಕೋ ಎಂದವು, ಬೈಗುಳ ನಿಂತದ್ದರಿಂದ ಗಣಿಯ ಕುದುರೆಗಳಿಗೆ ಆಳುಗಳ ಮಾತೇ ತಿಳಿಯದಾಯಿತೆಂದು ಜನ ಹೇಳಿಕೊಂಡರು. ಇದು ದೇವರ ಕೆಲಸವಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಗಂಟೆಗಟ್ಟಲೆ ಎದ್ದೆದ್ದು ಪ್ರಾರ್ಥಿಸಿದ ಆ ಗಣಿ ಕೆಲಸಗಾರರ ಬಾಯಿಂದ ಕೀರ್ತನೆಗಳೂ ಪ್ರವಾದಿಗಳ ಮಾತುಗಳೂ ಪುಂಖಾನುಪುಂಖವಾಗಿ ಬಂದದ್ದು ಎಲ್ಲಿಂದ? ಅವರ ಮುತ್ತಜ್ಜಂದಿರು ಕೊಟ್ಟಿಗೆಯಲ್ಲಿ ಕೂತು ಓದಿ ತುಂಬಿಸಿಟ್ಟ ಕಣಜದಿಂದ.

ಆ ಕಣಜವನ್ನು ಖರ್ಚು ಮಾಡಿದಷ್ಟು ವೇಗದಲ್ಲಿ ಯಾರೂ ತುಂಬಲಿಲ್ಲ ಎಂಬುದು ನನ್ನ ಅಭಿಪ್ರಾಯ. ಕೂಟಗಳಲ್ಲಿ ಹಾಡು, ಪ್ರಾರ್ಥನೆ, ಸಾಕ್ಷಿಗಳು ಮುಂದಾಗಿ ವಾಕ್ಯದ ಬೋಧನೆ ಎಷ್ಟೋ ಕಡೆ ಹಿಂದೆ ಸರಿಯಿತು. 1905ರ ಜನವರಿಯಲ್ಲಿ ಪೀಟರ್ ಪ್ರೈಸ್ ಎಂಬ ಸಭಾಪಾಲಕರು ಪತ್ರಿಕೆಯೊಂದಕ್ಕೆ ಬರೆದು, ನಾಡಿನಲ್ಲಿ ನಡೆಯುತ್ತಿರುವುದು ಎರಡು ಉಜ್ಜೀವನ, ಒಂದು ನಿಜ, ಒಂದು ನಕಲಿ ಎಂದು ಎವನ್ ರಾಬರ್ಟ್ಸ್ ಅವರ ಮೇಲೆ ಹರಿಹಾಯ್ದರು. ಆ ಬರಹದ ಧಾಟಿಯಲ್ಲಿ ಜಂಬವಿದೆ, ಅದು ನನಗೆ ಹಿಡಿಸುವುದಿಲ್ಲ. ಆದರೂ ಪ್ರಶ್ನೆಯನ್ನು ತಳ್ಳಿಹಾಕಬಾರದಾಗಿತ್ತು. ಎವನ್ ರಾಬರ್ಟ್ಸ್ 1906ರಲ್ಲಿ ಬಳಲಿ ಕುಸಿದು ಇಂಗ್ಲೆಂಡಿನ ಲೆಸ್ಟರ್‌ಗೆ ಹೋದರು. 1951ರಲ್ಲಿ ತೀರಿಕೊಳ್ಳುವವರೆಗೆ ಬಹುಪಾಲು ಮರೆಯಲ್ಲಿಯೇ ಬದುಕಿದರು. ಒಬ್ಬ ತರುಣನ ಹೆಗಲ ಮೇಲೆ ಒಂದು ದೇಶವನ್ನು ಹೊರಿಸಿದ್ದರ ಫಲ ಅದು. ‘ಇನ್ನೊಬ್ಬ’ನನ್ನು ಬೇಡುವ ಮೊದಲು ಇದನ್ನೂ ಯೋಚಿಸಿ.

ಅದಾಗಲೇ 1870ರ ಶಿಕ್ಷಣ ಕಾಯಿದೆಯ ನಂತರದ ಶಾಲೆಗಳು ಇಂಗ್ಲಿಷ್‌ಮಯವಾಗಿದ್ದವು. 1901ರಲ್ಲಿ ಜನರಲ್ಲಿ ಅರ್ಧದಷ್ಟು ಮಂದಿ ವೆಲ್ಷ್ ಬಲ್ಲವರಾಗಿದ್ದರು, 2021ರಲ್ಲಿ ಶೇ. 17.8. ವಾರದ ಆರು ದಿನ ಇಂಗ್ಲಿಷ್ ಓದಿದ ಮಗುವಿಗೆ ಏಳನೆಯ ದಿನ ಅಜ್ಜನ ಬೈಬಲ್ ಗೌರವಿಸಬೇಕಾದ, ಆದರೆ ತಿಳಿಯದ ಗ್ರಂಥವಾಯಿತು. ಅದರ ಜಾಗಕ್ಕೆ ಇಂಗ್ಲಿಷ್ ಬೈಬಲ್ಲನ್ನು ಮನೆಯಲ್ಲಿ ಕೂತು ಓದುವ ವಾಡಿಕೆಯೂ ಬೆಳೆಯಲಿಲ್ಲ. ಮಹಾಯುದ್ಧ, ಗಣಿಗಳ ಅವನತಿ, ವಲಸೆ ಇವೆಲ್ಲವೂ ಕಾರಣಗಳೇ, ಅಲ್ಲವೆನ್ನುವುದಿಲ್ಲ. ಆದರೂ ಕಾರ್ಡಿಫ್‌ನ ರಗ್ಬಿ ಮೈದಾನದಲ್ಲಿ ಸಾವಿರಾರು ಜನ ಇಂದಿಗೂ ‘ಪರಲೋಕದ ರೊಟ್ಟಿ’ಯನ್ನು ಬೇಡುವ ಹಳೆಯ ಕೀರ್ತನೆಯನ್ನು ಎದೆತುಂಬಿ ಹಾಡುತ್ತಾರೆ, ಆ ರೊಟ್ಟಿ ವಿಮೋಚನಕಾಂಡದ ಮನ್ನ, ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ, ಎಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿದ್ದೀತು? ಹಾಡು ಉಳಿಯಿತು, ಪುಸ್ತಕ ಜಾರಿತು. ಮಳೆ ಬೀಳಲಿಲ್ಲವೆಂದಲ್ಲ, ಕೆರೆಯಲ್ಲಿ ಹೂಳು ತುಂಬಿತ್ತು.

ಅದೇ ಮಳೆ ನಮ್ಮ ದೇಶದ ಈಶಾನ್ಯ ಮೂಲೆಯಲ್ಲೂ ಬಿತ್ತು. ವೇಲ್ಸ್‌ನಿಂದ 1841ರಲ್ಲಿ ಚಿರಾಪುಂಜಿಗೆ ಬಂದ ಥಾಮಸ್ ಜೋನ್ಸ್ ಖಾಸಿ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯಲು ತೊಡಗಿದರು. ಖಾಸಿ ಬೈಬಲ್ 1891ರಲ್ಲಿ ಪೂರ್ಣಗೊಂಡಿತ್ತು. ಉಜ್ಜೀವನ ಅಲ್ಲಿಗೆ ಬಂದದ್ದು 1905ರಲ್ಲಿ. ಮರುವರ್ಷ ಅದು ಮಿಜೋ ಬೆಟ್ಟಗಳಿಗೆ ಹರಡಿತು. ಮಿಜೋ ಸಭೆಗಳಲ್ಲಿ ದೊಡ್ಡವರೂ ಕೂತು ಕಲಿಯುವ ವೇಲ್ಸ್ ಮಾದರಿಯ ಸಂಡೇ ಸ್ಕೂಲು ಇಂದಿಗೂ ನಡೆಯುತ್ತದೆ, ಮೂಲ ನಾಡಿನಲ್ಲಿ ಅದು ಬಹುಮಟ್ಟಿಗೆ ನಿಂತಿದೆ. ಮಿಜೋರಮ್ ಸ್ವರ್ಗವಾಗಿದೆಯೆಂದು ನಾನು ಹೇಳುತ್ತಿಲ್ಲ, ಮಾದಕ ವಸ್ತುಗಳ ಪಿಡುಗು ಅಲ್ಲಿನ ಸಭೆಗಳನ್ನೂ ಕಾಡುತ್ತಿದೆ. ಆದರೆ ಓದುವ ರೂಢಿ ಉಳಿದಲ್ಲಿ ಸಭೆ ಉಳಿದಿದೆ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಪಂಡಿತಾ ರಮಾಬಾಯಿ. ಕಾರ್ಕಳದ ಬಳಿಯ ಮಾಳದ ಡೋಂಗ್ರೆ ಮನೆತನದಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಈ ತಾಯಿ ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ನಡೆಸುತ್ತಿದ್ದ ಮುಕ್ತಿ ಆಶ್ರಮದಲ್ಲಿ 1905ರಲ್ಲಿ ಉಜ್ಜೀವನವಾಯಿತು; ವೇಲ್ಸ್‌ನ ಸುದ್ದಿ ಅಲ್ಲಿಗೆ ಮುಟ್ಟಿತ್ತು. ನೂರಾರು ಹೆಣ್ಣುಮಕ್ಕಳು ಅತ್ತರು, ಹಾಡಿದರು, ಪ್ರಾರ್ಥಿಸಿದರು. ರಮಾಬಾಯಿ ಮಾತ್ರ ಅದೇ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸಿಗೂ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲ್ಲನ್ನು ಅನುವಾದಿಸಲು ಕೂತರು. 1922ರಲ್ಲಿ, ಸಾಯುವ ತುಸು ಮುಂಚೆ, ಆ ಕೆಲಸ ಮುಗಿಯಿತು. ಉಜ್ಜೀವನವನ್ನು ಏನು ಮಾಡಬೇಕೆಂದು ಬಲ್ಲವರು ಅವರೊಬ್ಬರು.

ಇನ್ನು ನಮ್ಮ ವಿಷಯ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ಶ್ರಮದಿಂದ ಕನ್ನಡದಲ್ಲಿ ಪೂರ್ಣ ಸತ್ಯವೇದ (ಬೈಬಲ್) ಬಂದದ್ದು 1831ರಲ್ಲಿ. ಸಭೆಯ ಹಿರಿಯನಾದ ನನ್ನ ಮನೆಯಲ್ಲಿಯೇ ಮೊಮ್ಮಗಳು ಕನ್ನಡ ಸತ್ಯವೇದವನ್ನು ಅಕ್ಷರ ಕೂಡಿಸಿ ಓದುತ್ತಾಳೆ, ಇಂಗ್ಲಿಷ್ ಬೈಬಲ್ಲನ್ನು ಸರಾಗವಾಗಿ ಓದಬಲ್ಲಳು ಆದರೆ ತೆರೆಯುವುದಿಲ್ಲ. ವಾಕ್ಯವು ಆರಾಧನೆಯಲ್ಲಿ ಪರದೆಯ ಮೇಲೆ ಬರುತ್ತದೆ, ಬೆಳಿಗ್ಗೆ ವಾಟ್ಸಾಪಿನಲ್ಲಿ ಹೂವಿನ ಚಿತ್ರದೊಂದಿಗೆ ಬರುತ್ತದೆ. ಅದರ ಹಿಂದಿನ, ಮುಂದಿನ ವಚನಗಳು ಬರುವುದಿಲ್ಲ. ಉಜ್ಜೀವನ ಕೂಟಗಳ ಪೆಂಡಾಲಿಗೆ, ಧ್ವನಿವರ್ಧಕಕ್ಕೆ ನಾವು ಸುರಿಯುವ ಹಣದಲ್ಲಿ ಎಷ್ಟು ಊರುಗಳಿಗೆ ಮೂರು ತಿಂಗಳ ಉಪಾಧ್ಯಾಯರನ್ನು ಕಳುಹಿಸಬಹುದಾಗಿತ್ತು ಎಂದು ಲೆಕ್ಕ ಹಾಕಲು ನನಗೆ ನಾಚಿಕೆಯಾಗುತ್ತದೆ.

ಹೀಗಾಗಿ ವಿಶೇಷ ಸಂಚಿಕೆಯನ್ನು ತರುವುದಿಲ್ಲ, ಬೇಸರಿಸಬೇಡಿ. ಅದರ ಬದಲು ಮುಂದಿನ ತಿಂಗಳಿನಿಂದ ಹಿಂಬದಿಯ ಪುಟದಲ್ಲಿ ದಿನಕ್ಕೊಂದು ಅಧ್ಯಾಯದಂತೆ ಓದುವ ಪಟ್ಟಿಯನ್ನು ಕೊಡುತ್ತೇವೆ, ಮೊದಲು ಲೂಕನ ಸುವಾರ್ತೆ. ಪ್ರಾರ್ಥನೆಯನ್ನು ನೀವು ಬಿಡಬೇಡಿ, ನಾನೂ ಬಿಡುವುದಿಲ್ಲ. ನಿಮ್ಮ ಮಗಳಿಗೆ ಫೋನ್ ಮಾಡಿದಾಗ ಒಂದು ಮಾತು ಕೇಳಿ: ಆ ಸಭೆಯ ಹತ್ತು ಹನ್ನೆರಡು ಜನ ಆರಾಧನೆಯ ನಂತರ ಚಹಾ ಕುಡಿಯುತ್ತಾರೆಂದು ಬರೆದಿದ್ದೀರಲ್ಲ, ಆ ಮೇಜಿನ ಸುತ್ತ ಒಂದು ಅಧ್ಯಾಯವನ್ನು ಸರದಿಯಂತೆ ಓದಲು ಅವರು ಒಪ್ಪಿಯಾರೇ? ಅಲ್ಲಿ ವೆಲ್ಷ್ ಬಲ್ಲ ಅಜ್ಜಿ ಒಬ್ಬರಿದ್ದಾರೆಂದೂ ಬರೆದಿದ್ದಿರಿ. ಮೊದಲ ವಾರ ಅವರಿಂದಲೇ ಓದಿಸಲಿ, ಮಗಳು ಅದನ್ನೇ ಕನ್ನಡದಲ್ಲಿ ಓದಲಿ. ಏನಾಯಿತೆಂದು ನನಗೆ ಬರೆಯಿರಿ.

— ಸಂಪಾದಕ